ಕಡಲಾಮೆ ಮುಟ್ಟಿದ ಕೈ

ಪಿ.ಜೆ. ಬಡಾವಣೆಯ ಪಂಪ್‌ಸೆಟ್ ಅಂಗಡಿಯ ಯೋಗರಾಜ್ ಸಮುದ್ರದ ತಳಕ್ಕೆ ಹೋಗಿ ಬಂದ ಕಥೆಯನ್ನು ಕೇಳದವರು ದಾವಣಗೆರೆಯಲ್ಲಿ ಯಾರಾದರೂ ಉಳಿದಿದ್ದರೆ, ಅವರಿಗೆ ಬೋರ್‌ವೆಲ್ಲೇ ಇಲ್ಲವೆಂದು ತಿಳಿಯಬೇಕು. ಮೋಟಾರು ಕೊಳ್ಳಲು ಬಂದವರು, ರಿಪೇರಿಗೆ ತಂದವರು, ಬರೀ ದರ ಕೇಳಿಕೊಂಡು ಹೋಗಲು ಬಂದವರು, ಎಲ್ಲರನ್ನೂ ಕೂರಿಸಿ, ಚಹಾ ತರಿಸಿ ಆತ ಶುರು ಮಾಡುತ್ತಿದ್ದ. ಮೋಟಾರಿನ ಗ್ಯಾರಂಟಿ ಕೇಳಿದರೆ ಒಂದೇ ಮಾತಿನಲ್ಲಿ ಮುಗಿಸುವ ಮನುಷ್ಯ, ಮೀನಿನ ವಿಷಯಕ್ಕೆ ಬಂದರೆ ಚಹಾ ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ.

ಚೆನ್ನಾಗಿ ಮಾಲು ಮಾರಿದ ಡೀಲರುಗಳನ್ನು ಮೋಟಾರು ಕಂಪನಿಯವರು ವರ್ಷಕ್ಕೊಮ್ಮೆ ಪರದೇಶ ಸುತ್ತಿಸಿಕೊಂಡು ಬರುವುದು ವಾಡಿಕೆ. ಯಾವಾಗಲೂ ಬ್ಯಾಂಕಾಕ್, ಇಲ್ಲವೇ ದುಬೈ. ಆ ವರ್ಷ ಯಾರ ತಲೆಗೆ ಏನು ಹೊಳೆಯಿತೋ, ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪಕ್ಕೆ ಹೊರಡಿಸಿದರು. ದ್ವೀಪದ ಹೆಸರು ಯೋಗರಾಜನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ‘ಆ ಕಡೆ’ ಎಂದುಬಿಡುತ್ತಿದ್ದ, ಅದು ಪಕ್ಕದ ಗುತ್ತೂರಿನ ಆಚೆ ಇದೆಯೇನೋ ಎಂಬಂತೆ.

ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ನಳಿಕೆ ಕಚ್ಚಿಕೊಂಡು ನೀರೊಳಗೆ ಇಳಿದದ್ದು, ಇಳಿದು ಕಂಡದ್ದು, ಇಷ್ಟೇ ಕಥೆ. ಗಿಳಿಯ ಕೊಕ್ಕಿನಂಥ ಬಾಯಿಂದ ಹವಳದ ಬಂಡೆಯನ್ನು ಕಟಕಟ ಕಡಿಯುವ ನೀಲಿ ಹಸಿರು ಮೀನುಗಳು; ಪಕ್ಕದಲ್ಲಿ ಯಾರೋ ಹುರಿಗಡಲೆ ಅಗಿಯುತ್ತಿರುವ ಹಾಗೆ ಆ ಸದ್ದು ನೀರಿನಲ್ಲೂ ಕೇಳುತ್ತಿತ್ತು. ಸಂದಿಯಿಂದ ತಲೆ ಹೊರಗಿಟ್ಟು ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದ ಹಾವುಮೀನು. ಚಪ್ಪಡಿಯ ಕೆಳಗೆ ಮಲಗಿದ್ದ ಆಳುದ್ದದ ಶಾರ್ಕ್. ಅದು ಮನುಷ್ಯರ ತಂಟೆಗೇ ಬರದ ಸಾಧು ಜಾತಿ ಎಂಬುದನ್ನು ಮಾತ್ರ ಆತ ಹೇಳುತ್ತಿರಲಿಲ್ಲ. ಮೈತುಂಬ ಬಿಳಿ ಚುಕ್ಕಿಯ ತೊರಕೆ ಮೀನೊಂದು ರೆಕ್ಕೆ ಬಡಿಯುತ್ತ ತಲೆಯ ಮೇಲೇ ಹಾದುಹೋಗಿತ್ತು, ಅದರ ನೆರಳು ಇವನ ಮೇಲೆ ಬಿದ್ದಿತ್ತು. ಇದನ್ನು ಹೇಳುವಾಗ ಯೋಗರಾಜ್ ಎರಡೂ ಕೈ ಅಗಲಿಸಿ ನಿಧಾನವಾಗಿ ಬಡಿಯುತ್ತಿದ್ದ. ಕೇಳುವವರು ನಗುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ.

ಕೊನೆಯಲ್ಲಿ ಕಡಲಾಮೆ ಬರುತ್ತಿತ್ತು. ಜೊತೆಗಿಳಿದವರೊಬ್ಬರು ತೆಗೆದ, ಅದರ ಕಡೆ ಇವನು ಕೈ ಚಾಚಿರುವ ಫೋಟೋವನ್ನು ಹೆಂಡತಿ ಪದ್ಮಶ್ರೀ ದೊಡ್ಡದು ಮಾಡಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದಳು. ದೇವರ ಪಟಗಳಿಗೆ ಊದುಬತ್ತಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಸಿಗುತ್ತಿತ್ತು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅದರ ಮುಂದಿನದನ್ನು ಯೋಗರಾಜ್ ಯಾರಿಗೂ ಹೇಳಿರಲಿಲ್ಲ, ಪದ್ಮಶ್ರೀಗೂ.

ಅವನನ್ನು ನೀರಿಗಿಳಿಸಿದವನು ಅಬ್ರಾರ್. ಹರಿಹರದ ಮೌಲಾ ಸಾಬರ ಮಗ. ಮೌಲಾ ಸಾಬ್ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವವರು. ಯೋಗರಾಜನ ಅಂಗಡಿಗೆ ಬಂದ ಮೋಟಾರುಗಳೆಲ್ಲ ಅವರ ಕೈಗೇ ಹೋಗಬೇಕು, ಅವನ ಅಪ್ಪನ ಕಾಲದಿಂದಲೂ ಹೀಗೇ. ಮುದುಕನದೊಂದು ಪದ್ಧತಿ. ಮೋಟಾರು ವಾಪಸ್ ಕೊಡುವಾಗ ಅದನ್ನು ಹೇಗೆ ಇಳಿಸಬೇಕು, ಹೇಗೆ ಚಾಲೂ ಮಾಡಬೇಕು, ಏನು ಮಾಡಬಾರದು ಎಂದು ಗಿರಾಕಿಗೆ ಹೇಳಿ, ಹೇಳಿದ್ದನ್ನು ಅವನ ಬಾಯಿಂದಲೇ ತಿರುಗಿ ಹೇಳಿಸುತ್ತಿದ್ದರು. ಹೇಳದಿದ್ದರೆ ಮೋಟಾರು ಇಲ್ಲ. ಎಂಥ ದೊಡ್ಡ ಜಮೀನ್ದಾರನಾದರೂ ಸರಿ, ಶಾಲೆಯ ಹುಡುಗನಂತೆ ಪಾಠ ಒಪ್ಪಿಸಿಯೇ ಹೋಗಬೇಕು. ಹಾಗೆ ಮಾಡಿದ್ದರಿಂದಲೇ ತಾವು ಕಟ್ಟಿದ ಮೋಟಾರು ಒಂದೂ ಮತ್ತೆ ಸುಟ್ಟಿಲ್ಲ ಎಂಬುದು ಅವರ ಹೆಮ್ಮೆ. ಇನ್ನೇನೂ ದೊಡ್ಡ ಹೆಮ್ಮೆ ಆ ಮನೆಯಲ್ಲಿರಲಿಲ್ಲ, ಮಗನೊಬ್ಬನನ್ನು ಬಿಟ್ಟರೆ.

ಆ ಮಗ ಮುರುಡೇಶ್ವರದ ಡೈವಿಂಗ್ ಸೆಂಟರಿಗೆ ಕಂಪ್ರೆಸರ್ ರಿಪೇರಿಗೆಂದು ಹೋದವನು, ಸಿಲಿಂಡರಿಗೆ ಗಾಳಿ ತುಂಬುತ್ತ ತುಂಬುತ್ತ ತಾನೇ ಡೈವಿಂಗ್ ಕಲಿತು, ಪರೀಕ್ಷೆ ಪಾಸು ಮಾಡಿ, ಸಮುದ್ರದಿಂದ ಸಮುದ್ರಕ್ಕೆ ಜಿಗಿಯುತ್ತ ಆ ದ್ವೀಪ ಸೇರಿದ್ದ. ದೋಣಿಯ ಮೇಲೆ ಯೋಗರಾಜನನ್ನು ಕಂಡವನೇ ತಬ್ಬಿಕೊಂಡ. ಡೀಲರುಗಳಲ್ಲಿ ಮಿಕ್ಕವರೆಲ್ಲ ಗುಜರಾತ್, ಮಹಾರಾಷ್ಟ್ರದವರು. ಅವರಿಗೆ ಬೇರೆ ಗೈಡ್ ಇಂಗ್ಲಿಷಿನಲ್ಲಿ ನಿಯಮಗಳನ್ನು ಹೇಳಿದ. ಯೋಗರಾಜನಿಗೆ ಮಾತ್ರ ಅಬ್ರಾರ್ ಪಕ್ಕದಲ್ಲಿ ಕೂತು ಕನ್ನಡದಲ್ಲಿ, ನಮ್ಮೂರ ಮಾತಿನಲ್ಲೇ, ಎಲ್ಲವನ್ನೂ ಬಿಡಿಸಿ ಹೇಳಿದ. ಅಲ್ಲಿ ಏನನ್ನೂ ಮುಟ್ಟುವಂತಿಲ್ಲ, ಹವಳವನ್ನೂ ಇಲ್ಲ, ಪ್ರಾಣಿಯನ್ನೂ ಇಲ್ಲ; ಅದು ರಕ್ಷಿತ ಸಮುದ್ರ, ಮುಟ್ಟಿದರೆ ತಮ್ಮ ಸೆಂಟರಿನ ಮೇಲೆ ಕೇಸು. ಹೇಳಿ ಮುಗಿಸಿ, ಅಪ್ಪನ ಹಾಗೆಯೇ, “ಈಗ ನೀವು ಹೇಳ್ರಿ ಅಣ್ಣಾ, ನಾನೇನಂದೆ?” ಎಂದ. ಯೋಗರಾಜ್ ನಗುತ್ತ, “ಏನೂ ಮುಟ್ಟಂಗಿಲ್ಲಪ್ಪಾ” ಎಂದು ಒಪ್ಪಿಸಿದ. ಥೇಟ್ ಮೌಲಾ ಸಾಬರೇ ಎಂದು ಬೆನ್ನು ಬೇರೆ ತಟ್ಟಿದ.

ಆದರೆ ಆಮೆ ಎದುರಿಗೆ ಬಂದಾಗ ಅದೊಂದೂ ನೆನಪಿಗೆ ಬರಲಿಲ್ಲ. ನಮ್ಮ ಕಡೆಯ ಹಳೇ ಗುಡಿಗಳಲ್ಲಿ ನೆಲದ ಮೇಲೆ ಕಲ್ಲಿನ ಆಮೆ ಕೆತ್ತಿರುತ್ತಾರಲ್ಲ, ಒಳಗೆ ಹೋಗುವವರು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮುಂದೆ ಸಾಗುವುದು. ಯೋಗರಾಜ್ ಅಂಬೆಗಾಲಿಡುವ ವಯಸ್ಸಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ಹವಳದ ಬದಿಯಿಂದ ಎದ್ದ ಆ ಜೀವ, ಹದ್ದಿನಂಥ ಮೂತಿ, ಕಂದು ಹಳದಿ ಚಿಪ್ಪು, ಯಾವ ಅವಸರವೂ ಇಲ್ಲದ ಕಣ್ಣು, ತನ್ನ ಕಡೆಗೇ ಬರುತ್ತಿದೆ. ಅವನ ಎದೆ ತುಂಬಿ ಬಂತು. ಕೈ ತಾನಾಗಿ ಚಾಚಿತು, ಚಿಪ್ಪನ್ನು ಮುಟ್ಟಿತು, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡ.

ಕಣ್ಣಿಗೆಲ್ಲಿ ಒತ್ತುವುದು? ಕಣ್ಣಿನ ಮೇಲೆ ಗಾಜಿನ ಮುಖವಾಡವಿತ್ತು. ಬೆರಳು ತಾಗಿ ಅದು ಸರಿಯಿತು, ಉಪ್ಪುನೀರು ಮೂಗಿಗೆ ನುಗ್ಗಿತು. ಯೋಗರಾಜ್ ಸತ್ತೇಹೋದೆ ಎಂದುಕೊಂಡು ಕೈಗೆ ಸಿಕ್ಕಿದ್ದನ್ನು ಹಿಡಿದ, ಕಾಲು ಝಾಡಿಸಿದ. ಕೈಗೆ ಸಿಕ್ಕಿದ್ದು ಹವಳ, ಕಾಲಿಗೆ ಸಿಕ್ಕಿದ್ದೂ ಹವಳ. ಅವನ ಅಜ್ಜನ ಅಜ್ಜನಿಗಿಂತ ಹಳೆಯದಾದ ಒಂದು ಕವಲು ಮುರಿದು ಕೆಳಗೆ ಬಿತ್ತು. ಆಮೆ ಗಾಬರಿಯಾಗಿ ಎತ್ತಲೋ ಹೋಯಿತು. ಅಬ್ರಾರ್ ಅವನ ಬಾಯಿಯ ನಳಿಕೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಎದೆಗವಚಿಕೊಂಡು ಮೇಲೆ ತಂದ. ಬಿಡಿಸುವಾಗ ಅಬ್ರಾರನ ಅಂಗೈಗೆ ಹವಳ ಕುಯ್ದು ರಕ್ತ ಬರುತ್ತಿತ್ತು.

ದಡದಲ್ಲಿ ಸೆಂಟರಿನ ಮ್ಯಾನೇಜರ್ ಹೆಂಗಸು ಕಾದಿದ್ದಳು. ಸುತ್ತ ಡೀಲರುಗಳು, ಅವರ ಮುಂದೆ ಮುಖ ಗಂಟಿಕ್ಕಿಕೊಂಡ ಕಂಪನಿಯ ಸಾಹೇಬರು. ಏನನ್ನೂ ಮುಟ್ಟಬಾರದೆಂದು ನಿಮ್ಮ ಗೈಡ್ ತಿಳಿಸಿದ್ದನೇ ಎಂದು ಆಕೆ ಯೋಗರಾಜನನ್ನು ಕೇಳಿದಳು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ರಾತ್ರಿ ಊಟದಲ್ಲಿ ಕರ್ನಾಟಕದ ನಂಬರ್ ಒನ್ ಡೀಲರ್ ಎಂದು ಚಪ್ಪಾಳೆ ತಟ್ಟಿದವರು ಅವರೇ. ಹೇಳಿದ್ದ, ನಾನೇ ಮರೆತೆ ಎಂದರೆ ಏನಾಗುತ್ತಿತ್ತು? ಹಳ್ಳಿಗಮಾರ ಎಂದು ನಕ್ಕು ಸುಮ್ಮನಾಗುತ್ತಿದ್ದರು, ಅಷ್ಟೇ. ಆ ನಗುವಿಗೆ ಹೆದರಿ ಯೋಗರಾಜ್ ತನಗೆ ಬರುವ ಇಂಗ್ಲಿಷಿನಲ್ಲಿ, “ನೋ ಮೇಡಂ. ನಾಟ್ ಟೋಲ್ಡ್” ಎಂದ.

ಕನ್ನಡದಲ್ಲಿ ಹೇಳಿದ್ದಕ್ಕೆ ಸಾಕ್ಷಿ ಹೇಳುವವರು ಆ ದ್ವೀಪದಲ್ಲಿ ಯಾರಿದ್ದರು? ಅಬ್ರಾರ್ ಒಮ್ಮೆ ಯೋಗರಾಜನ ಕಡೆ ನೋಡಿ, ಕೈಗೆ ಬಟ್ಟೆ ಸುತ್ತಿಕೊಳ್ಳತೊಡಗಿದ. ಗಿರಾಕಿಗೆ ತಿಳಿಸದೆ ಜೀವಕ್ಕೆ ಅಪಾಯ ತಂದ ಎಂದು ಅವನನ್ನು ಕೆಲಸದಿಂದ ತೆಗೆದರು. ಯೋಗರಾಜ್ ವಿಮಾನ ಹತ್ತಿ ಊರಿಗೆ ಬಂದು, ತೊರಕೆ ಮೀನಿನಂತೆ ಕೈ ಬಡಿಯಲು ಶುರು ಮಾಡಿದ. ಇಂಥ ಮನುಷ್ಯನನ್ನು ಏನೆನ್ನಬೇಕೋ ಓದುವವರೇ ಹೇಳಲಿ.

ಅಬ್ರಾರ್ ಬೇರೆ ಕೆಲಸಕ್ಕೆ ಅಲ್ಲಿ ಇಲ್ಲಿ ಅಲೆದು, ಎಲ್ಲಿ ಕೇಳಿದರೂ ಅದೇ ದೂರು ಅಡ್ಡ ಬಂದು, ಕಡೆಗೆ ಹರಿಹರಕ್ಕೆ ಮರಳಿದ. ಅಪ್ಪ ಕಾರಣ ಕೇಳಿದಾಗ, ಗಿರಾಕಿಗೆ ಸರಿಯಾಗಿ ಹೇಳಲಿಲ್ಲವೆಂದು ತೆಗೆದರು ಎಂದಷ್ಟೇ ಹೇಳಿದ. ಗಿರಾಕಿ ಯಾರೆಂದು ಮೌಲಾ ಸಾಬರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅಬ್ರಾರನೇ ತನ್ನನ್ನು ಇಳಿಸಿದ ಎಂದು ಯೋಗರಾಜ್ ಊರಿಗೆಲ್ಲ ಸಾರಿದ್ದನಲ್ಲ.

ಒಂದು ದಿನ ಮಧ್ಯಾಹ್ನ ಮುದುಕ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಗುತ್ತೂರಿನ ಲಿಂಗಣ್ಣ ಎಂಬ ಗಿರಾಕಿ ಆಗ ಚಹಾ ಕುಡಿಯುತ್ತ ಶಾರ್ಕಿನ ತನಕ ಕಥೆ ಕೇಳಿದ್ದ. ಮೌಲಾ ಸಾಬ್ ಕೂರಲಿಲ್ಲ. ನನ್ನ ಕೈ ಕೆಳಗೆ ಬೆಳೆದವನು ಒಬ್ಬ ಮನುಷ್ಯನಿಗೆ ಹೇಳಬೇಕಾದ್ದನ್ನು ಹೇಳದೆ ನೀರಿಗಿಳಿಸಿದ, ನೀವು ಸತ್ತಿದ್ದರೆ ಪದ್ಮಶ್ರೀಯಮ್ಮನಿಗೆ ಯಾವ ಮುಖ ತೋರಿಸುತ್ತಿದ್ದೆ ಎಂದರು. ಆಮೇಲೆ ಮಗನಿಗೆ ಸನ್ನೆ ಮಾಡಿದರು.

ಅಬ್ರಾರ್ ಮುಂದೆ ಬಂದ. “ನನ್ನಿಂದ ತಪ್ಪಾತು ಅಣ್ಣಾ. ಕ್ಷಮಿಸ್ರಿ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಯೋಗರಾಜನಿಗೆ ಅದೇ ಕಷ್ಟವಾಗಿತ್ತು.

ಆ ಕ್ಷಣ ಯೋಗರಾಜನಿಗೆ ದೇವರು ಎರಡನೆಯ ಅವಕಾಶ ಕೊಟ್ಟಿದ್ದ. ಲಿಂಗಣ್ಣ ಚಹಾದ ಲೋಟ ಕೆಳಗಿಡದೆ ನೋಡುತ್ತಿದ್ದ. ಹಿಂದೆ ಫೋಟೋ ತೂಗುತ್ತಿತ್ತು. ಯೋಗರಾಜನ ಬಾಯಿಂದ ಹೊರಟ ಮಾತು ಯಾವುದು ಗೊತ್ತೇ? “ಇರಲಿ ಬಿಡಪ್ಪಾ. ಕ್ಷಮಿಸೀನಿ.”

ಲಿಂಗಣ್ಣ ದೊಡ್ಡ ಮನಸ್ಸು ಕಣ್ರೀ ನಿಮ್ಮದು ಎಂದ. ಮೌಲಾ ಸಾಬ್ ಎರಡೂ ಕೈ ಎತ್ತಿ ದುವಾ ಮಾಡಿದರು. ಅವರು ಹೋದ ಮೇಲೆ ಯೋಗರಾಜ್ ಗಲ್ಲಾದ ಹಿಂದೆ ಕೂತೇ ಇದ್ದ. ಲಿಂಗಣ್ಣ, ಆಮೇಲೇನಾತು ಆ ಶಾರ್ಕು ಎಂದು ಕೇಳಿದರೆ, ಏನೂ ಆಗಲಿಲ್ಲ, ಮಲಗಿತ್ತು ಎಂದ.

ಅವತ್ತಿನಿಂದ ಅವನು ಕಥೆ ಹೇಳುವುದನ್ನು ನಿಲ್ಲಿಸಿದ. ಫೋಟೋವನ್ನು ಇಳಿಸಿ ಊರಾಚೆ ಕರೂರು ಕೈಗಾರಿಕಾ ಪ್ರದೇಶದ ತನ್ನ ಗೋದಾಮಿನಲ್ಲಿಟ್ಟ; ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಪದ್ಮಶ್ರೀಗೆ ನೆಪ ಹೇಳಿದ. ಮೋಟಾರು ಒಯ್ಯಲೆಂದು ಹರಿಹರಕ್ಕೆ ಹೋದಾಗ ಮೌಲಾ ಸಾಬರ ಹೆಂಡತಿ ಖುರ್ಷೀದಾ ಕಣ್ಣೊರೆಸಿಕೊಳ್ಳುತ್ತ ಮನೆಯ ಸಂಗತಿ ಹೇಳಿದಳು. ಅಪ್ಪ ಮಗನ ಜೊತೆ ಮಾತು ಬಿಟ್ಟಿದ್ದಾರಂತೆ. ಒಂದೇ ಮನೆಯಲ್ಲಿದ್ದೂ, ಅವನಿಗೆ ಹೇಳು, ಅವನನ್ನು ಕೇಳು ಎಂದು ಆಕೆಯ ಮೂಲಕವೇ ಎಲ್ಲ. ತಂತಿ ಸುತ್ತುವ ಕೆಲಸಕ್ಕೂ ಕೈ ಹಚ್ಚಲು ಬಿಡುವುದಿಲ್ಲ, ಹೇಳದೆ ಕೊಡುವ ಕೈ ಈ ಮನೆಯ ಮೋಟಾರು ಮುಟ್ಟಬಾರದು ಎನ್ನುತ್ತಾರಂತೆ. ಯೋಗರಾಜ್ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ. ಹೇಳಬೇಕೆಂದು ಬಾಯಿವರೆಗೆ ಬಂದದ್ದನ್ನು ನುಂಗಿ, ಎಲ್ಲಾ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ ಬಂದ. ಬೈಕಿನ ಮೇಲೆ ದಾರಿಯುದ್ದಕ್ಕೂ ತನ್ನನ್ನೇ ತಾನು ಬೈದುಕೊಂಡ.

ಕೆಲವು ವಾರಗಳ ಮೇಲೆ ಅಬ್ರಾರ್ ಒಬ್ಬನೇ ಅಂಗಡಿಗೆ ಬಂದ. ಅದೇ ಸಮುದ್ರದ ಇನ್ನೊಂದು ದ್ವೀಪದಲ್ಲಿ ಅವನಿಗೆ ಕೆಲಸ ಕೊಡಲು ಒಬ್ಬರು ತಯಾರಿದ್ದರು. ಆದರೆ ಆ ದೂರಿನ ವಿಷಯದಲ್ಲಿ ಗಿರಾಕಿಯೇ ವಿಡಿಯೋ ಕಾಲಿನಲ್ಲಿ ಬಂದು ನಡೆದದ್ದನ್ನು ಹೇಳಬೇಕು. “ಇದ್ದದ್ದು ಇದ್ದಂಗೆ ಹೇಳ್ರಿ ಅಣ್ಣಾ, ಸಾಕು. ಇಂಗ್ಲಿಷ್‌ನಾಗೆ ಹೇಳ್ತೀರಿ, ಅಬ್ಬಾಗೆ ತಿಳಿಯಂಗಿಲ್ಲ” ಎಂದ. ಯೋಗರಾಜನಿಗೆ ಮೊದಲು ಆದದ್ದು ಸಮಾಧಾನ. ಆ ಸಮಾಧಾನಕ್ಕೆ ಮರುಗಳಿಗೆಯಲ್ಲೇ ನಾಚಿಕೆಯಾಯಿತು. ಆದರೂ ಅದನ್ನು ಬಿಟ್ಟುಕೊಡಲಿಲ್ಲ. ಮೌಲಾ ಸಾಬರ ಮುಂದೆ ಸಣ್ಣವನಾಗದೆಯೇ ಹುಡುಗನ ದಾರಿ ತೆರೆಯುವುದಾದರೆ ಬೇಡವೆನ್ನುವುದೇಕೆ ಎಂದು ಲೆಕ್ಕ ಹಾಕಿದ.

ಮಗನಿಗಾಗಿ ಯೋಗರಾಜ್ ಮಾತಾಡುತ್ತಾನೆಂದು ತಿಳಿದ ಮುದುಕ, ಆ ವಿಡಿಯೋ ಕಾಲ್ ನಮ್ಮ ಮನೆಯಲ್ಲೇ ಆಗಲಿ, ಊಟವೂ ಇಲ್ಲೇ ಎಂದು ಪಟ್ಟು ಹಿಡಿದರು. ಗೊತ್ತುಮಾಡಿದ ದಿನ ಸಂಜೆ ಹರಿಹರದ ಆ ಮನೆಯ ನಡುಮನೆಯಲ್ಲಿ ಚಾಪೆ ಹಾಸಿತ್ತು. ಖುರ್ಷೀದಾ ಒಳಗೆ ಮಸಾಲೆ ಹುರಿಯುತ್ತಿದ್ದಳು. ಅಬ್ರಾರ್ ಫೋನನ್ನು ಗೋಡೆಗೆ ಒರಗಿಸಿಟ್ಟ. ಪರದೆಯ ಮೇಲೆ ಬಿಸಿಲಿಗೆ ಕೆಂಪಾದ ಮುಖದ ಒಬ್ಬ ಗಂಡಸು, ಅವನ ಹಿಂದೆ ಬೆಳಗಿನ ನೀಲಿ ನೀರು. ಮೌಲಾ ಸಾಬ್ ಟೋಪಿ ಸರಿಪಡಿಸಿಕೊಂಡು, ಅರ್ಥವಾಗದಿದ್ದರೂ ಆಲಿಸುತ್ತ ಪಕ್ಕದಲ್ಲೇ ಕೂತರು.

ಯೋಗರಾಜ್ ಹೇಳಿದ. ಅಬ್ರಾರ್ ತನಗೆ ಎಲ್ಲವನ್ನೂ ತಿಳಿಸಿದ್ದ, ತನ್ನ ಬಾಯಿಂದ ತಿರುಗಿ ಹೇಳಿಸಿಯೂ ಇದ್ದ. ಆಮೆಯನ್ನು ಮುಟ್ಟಿದ್ದು ತಾನು. ಹವಳ ಮುರಿದದ್ದು ತಾನು. ಆಮೇಲೆ ಸುಳ್ಳು ಹೇಳಿದ್ದೂ ತಾನೇ. ಇಂಗ್ಲಿಷು ತೊದಲಿತು, ಆದರೆ ಅರ್ಥವಾಗದೆ ಇರಲಿಲ್ಲ. ಆ ಗಂಡಸು, ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದ. ಯೋಗರಾಜ್ ನಾಚಿಕೆಯಾಯಿತು ಎಂದ. ಆ ಗಂಡಸು ಅಬ್ರಾರನಿಗೆ ಬರುವ ತಿಂಗಳು ಬಂದು ಸೇರು ಎಂದು ಹೇಳಿ ಫೋನಿಟ್ಟ.

ಮೌಲಾ ಸಾಬ್ ಏನಂತೆ ಎಂದು ಕೇಳಿದರು, ಮಗನನ್ನಲ್ಲ, ಗೋಡೆಯನ್ನು. ಅಬ್ರಾರ್ ಕೆಲಸ ಸಿಕ್ಕಿತು ಎಂದ. ಅಣ್ಣಾರು ಏನು ಹೇಳಿದರು ಎಂದು ಮುದುಕ ಮತ್ತೆ ಕೇಳಿದಾಗ, ಹುಡುಗ ಒಂದು ಕ್ಷಣವೂ ತಡೆಯದೆ, “ಅವನ ತಪ್ಪು ಮನ್ನಾ ಮಾಡೀನಿ, ಹುಡುಗ ಒಳ್ಳೇವನು ಅಂದ್ರು ಅಬ್ಬಾ” ಎಂದ.

ಮೌಲಾ ಸಾಬರ ಕಣ್ಣು ತುಂಬಿತು. ಚಾಪೆಯ ಮೇಲೆ ಸರಿದು ಬಂದು ಯೋಗರಾಜನ ಎರಡೂ ಕೈ ಹಿಡಿದುಕೊಂಡರು. ತಂತಿ ಸುತ್ತಿ ಸುತ್ತಿ ಮುದುಕನ ಬೆರಳ ತುದಿಗಳು ಒರಟಾಗಿದ್ದವು. ಯೋಗರಾಜನ ಕೈಗಳನ್ನು ಎತ್ತಿ ತಮ್ಮ ಕಣ್ಣಿಗೆ ಒತ್ತಿಕೊಳ್ಳಲು ಹೋದರು. ಯೋಗರಾಜನಿಗೆ ಅದನ್ನು ಸಹಿಸಲಾಗಲಿಲ್ಲ. ಕೈ ಕಿತ್ತುಕೊಂಡು ಎದ್ದು ನಿಂತ.

“ಬ್ಯಾಡ್ರಿ, ಸಾಬ್ರೆ. ಅವನು ಸುಳ್ಳು ಹೇಳಾಕತ್ಯಾನ. ನಿಮ್ಮ ಮಗ ನನಗೆ ಎಲ್ಲಾ ಹೇಳಿದ್ದ. ನೀವು ಹೆಂಗೆ ಹೇಳಿಸ್ತೀರೋ ಹಂಗೇ ನನ್ನ ಬಾಯಾಗೆ ಹೇಳಿಸಿದ್ದ. ನಾನೇ ಮುಟ್ಟಿದೆ. ಹೇಳಲಿಲ್ಲ ಅಂತ ಅಲ್ಲಿ ಸುಳ್ಳು ಹೇಳಿದೆ. ಇಲ್ಲೂ ಬಾಯಿ ಬಿಡಲಿಲ್ಲ.”

ಒಳಗೆ ಹುರಿಯುವ ಸದ್ದು ನಿಂತಿತು. ಮುದುಕನಿಗೆ ಸಿಟ್ಟು ಬರಲಿ, ಎರಡು ಬಾರಿಸಲಿ ಎಂದು ಯೋಗರಾಜ್ ಕಾದ. ಅವರು ಮಗನ ಕಡೆ ತಿರುಗಿ, ತಿಂಗಳುಗಳ ಮೇಲೆ ಮೊದಲ ಸಲ ನೇರವಾಗಿ ಅವನನ್ನು ಕೇಳಿದರು, ಯಾಕ ಹೇಳಲಿಲ್ಲ?

“ಹೇಳಿದ್ರೆ ನೀವು ಆ ಅಂಗಡಿ ಮೆಟ್ಟಲು ತುಳೀತಿರಲಿಲ್ಲ ಅಬ್ಬಾ. ಈ ವಯಸ್ಸಿಗೆ ಕೆಲಸಕ್ಕೆ ಬ್ಯಾರೆ ಎಲ್ಲಿ ಹೋಗ್ತಿದ್ರಿ?”

ಮುದುಕ ಮೊಣಕಾಲಿಗೆ ಕೈಯೂರಿ ಎದ್ದರು. ಯೋಗರಾಜನ ಎದುರು ಬಂದು ನಿಂತರು.

“ಅವತ್ತು ಲಿಂಗಣ್ಣಾರ ಮುಂದೆ ನನ್ನ ಮಗನ್ನ ಕ್ಷಮಿಸೀನಿ ಅಂದ್ರಲ್ಲ” ಎಂದರು. ದನಿ ಮೆತ್ತಗೇ ಇತ್ತು. “ಆ ಕ್ಷಮೆ ವಾಪಸ್ ತಗೊಳ್ರಿ. ನಮ್ಮ ಮನ್ಯಾಗೆ ಅದು ಇರೋದು ಬ್ಯಾಡ.”

ಕೊಟ್ಟ ಕ್ಷಮೆಯನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಯೋಗರಾಜನಿಗೆ ತಿಳಿಯಲಿಲ್ಲ. ಅಬ್ರಾರ್, ಬಿಡ್ರಿ ಅಬ್ಬಾ ಎಂದು ನಡುವೆ ಬಂದ. ಮೌಲಾ ಸಾಬ್ ಕದಲಲಿಲ್ಲ. ಯೋಗರಾಜ್ ಆ ಹುಡುಗನ ಮುಖ ನೋಡಲು ಪ್ರಯತ್ನಿಸಿದ, ಆಗದೆ ಅವನ ಕಾಲುಗಳನ್ನು ನೋಡುತ್ತ ಹೇಳಿದ.

“ಅಬ್ರಾರ್, ನಿನ್ನನ್ನ ಕ್ಷಮಿಸೀನಿ ಅಂದಿದ್ದೆ. ವಾಪಸ್ ತಗೊಂಡೀನಪ್ಪಾ. ನೀನು ಏನೂ ತಪ್ಪು ಮಾಡಿರಲಿಲ್ಲ.”

ಮೌಲಾ ಸಾಬ್ ತಲೆಯಾಡಿಸಿದರು. ಮಗನ ಭುಜದ ಮೇಲೆ ಕೈಯಿಟ್ಟು, ಬೇಟಾ, ಕೈ ತೊಳಕೊ, ಊಟ ಮಾಡೋಣ ಎಂದರು. ಖುರ್ಷೀದಾ ತಟ್ಟೆಗಳನ್ನು ತಂದು ಚಾಪೆಯ ಮೇಲಿಟ್ಟಳು. ಯೋಗರಾಜನಿಗೆ ಕೂಡ್ರಿ ಎಂದೂ ಯಾರೂ ಹೇಳಲಿಲ್ಲ, ಹೋಗ್ರಿ ಎಂದೂ ಹೇಳಲಿಲ್ಲ. ಅವನು ಬಾಗಿಲ ಬಳಿ ನಿಂತೇ ಇದ್ದ.